ಬೆಂಜೀನ್ ಉಂಗುರಕ್ಕೆ ವೈರ್ ಸಿಕ್ಕಿಸಿದರೆ ರೋಧ ಎಷ್ಟು ಬರುತ್ತೆ?

ಪಿಯು ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಹೋದ ವಾರ ಕ್ಲಾಸಿನಲ್ಲಿ ಷಡ್ಭುಜದ ಲೆಕ್ಕ ಮಾಡಿಸುತ್ತಿದ್ದೆ. ಒಂದೇ ಥರದ ಆರು ರೆಸಿಸ್ಟರ್‌ಗಳನ್ನು ಆರು ಮೂಲೆಯ ಉಂಗುರ ಮಾಡಿ, ಎರಡು ಮೂಲೆಗೆ ಬ್ಯಾಟರಿ ಕೊಟ್ಟರೆ ಒಟ್ಟು ರೋಧ ಎಷ್ಟು ಅನ್ನುವ ಹಳೇ ಲೆಕ್ಕ. ಒಂದು ರೆಸಿಸ್ಟರಿನ ರೋಧ ಆರ್ (R) ಅಂದುಕೊಳ್ಳಿ. ಎದುರುಬದುರು ಮೂಲೆಗೆ ಕೊಟ್ಟರೆ ಎರಡೂ ಕಡೆ ಮೂರು ಮೂರು, 1.5 ಆರ್. ನಡುವೆ ಒಂದು ಮೂಲೆ ಬಿಟ್ಟು ಕೊಟ್ಟರೆ ಎರಡು ಮತ್ತು ನಾಲ್ಕು, 1.33 ಆರ್. ಪಕ್ಕಪಕ್ಕದ ಮೂಲೆಗೆ ಕೊಟ್ಟರೆ ಒಂದು ಮತ್ತು ಐದು, 0.83 ಆರ್. ಇಷ್ಟೇ.

ಎರಡನೇ ಬೆಂಚಿನ ಹುಡುಗ ಎದ್ದು ನಿಂತು, ‘ಸಾರ್, ಇದು ಆರು ಕಾರ್ಬನ್ ಉಂಗುರದ ಬೆಂಜೀನ್ ಚಿತ್ರದ ಥರಾನೇ ಇದೆ, ಬೆಂಜೀನ್‌ಗೆ ಹೀಗೆ ವೈರ್ ಸಿಕ್ಕಿಸಿದರೂ ಇದೇ ಉತ್ತರ ಬರುತ್ತಾ’ ಅಂದ. ಅಷ್ಟು ಚಿಕ್ಕದಕ್ಕೆ ಯಾರಪ್ಪ ವೈರ್ ಸಿಕ್ಕಿಸ್ತಾರೆ, ಕೂತ್ಕೋ ಅಂದುಬಿಟ್ಟೆ. ಮನೆಗೆ ಬಂದ ಮೇಲೆ ಅದೇ ತಲೆಯಲ್ಲಿ ಕೊರೆಯುತ್ತಿದೆ. ಗೊತ್ತಿರುವವರು ಹೇಳಿ, ನಿಜವಾಗಿ ಏನಾಗುತ್ತೆ?

ಸೋಲ್ಡರ್ ಸೀನ:
ಮೇಷ್ಟ್ರೇ, ನನ್ನ ಹತ್ತಿರ ಇರುವ ಅತಿ ಸಣ್ಣ ಸೋಲ್ಡರ್ ತುದಿ ಅರ್ಧ ಮಿಲಿಮೀಟರ್. ಬೆಂಜೀನ್ ಅಗಲ ಅರ್ಧ ನ್ಯಾನೊಮೀಟರ್ ಆಸುಪಾಸು. ನನ್ನ ತುದಿ ಹತ್ತು ಲಕ್ಷ ಪಟ್ಟು ದಪ್ಪ ಆಯಿತು. ಹುಡುಗನಿಗೆ ನೀವು ಹೇಳಿದ್ದು ಸರಿಯಾಗೇ ಇದೆ ಬಿಡಿ.

ಚಿನ್ನದ ಸೂಜಿ:
ಸರಿಯಾಗಿಲ್ಲ ಸೀನಣ್ಣ. ಬೆಂಜೀನ್‌ಗೆ ವೈರ್ ಸಿಕ್ಕಿಸಿ ಆಗಲೇ ಸುಮಾರು ವರ್ಷ ಆಯಿತು. 1997ರಲ್ಲಿ ಮಾರ್ಕ್ ರೀಡ್, ಜೇಮ್ಸ್ ಟೂರ್ ಮತ್ತು ಜೊತೆಯವರು ಅಮೆರಿಕದಲ್ಲಿ ಮಾಡಿದರು. ಬೆಂಜೀನ್‌ನ ಎದುರುಬದುರು ಮೂಲೆಗೆ ಒಂದೊಂದು ಗಂಧಕ ಕೂರಿಸಿದರು, ಯಾಕೆಂದರೆ ಗಂಧಕಕ್ಕೂ ಚಿನ್ನಕ್ಕೂ ಬಹಳ ನಂಟು. ಆಮೇಲೆ ಚಿನ್ನದ ಸಣ್ಣ ತಂತಿಯನ್ನು ನಿಧಾನಕ್ಕೆ ಬಗ್ಗಿಸಿ ಮುರಿದು, ಆ ಬಿರುಕಿನಲ್ಲಿ ಅಣು ಸಿಕ್ಕಿಕೊಳ್ಳುವ ಹಾಗೆ ಮಾಡಿದರು.

ನಾನು ಪಿಎಚ್‌ಡಿಯಲ್ಲಿ ನಾಲ್ಕು ವರ್ಷ ಮಾಡಿದ್ದೂ ಇದರ ತಮ್ಮನಂಥ ಪ್ರಯೋಗವನ್ನೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 2003ರಲ್ಲಿ ಅರಿಜೋನಾದ ಶು ಮತ್ತು ತಾವೊ ತೋರಿಸಿಕೊಟ್ಟ ವಿಧಾನ ಇದು. ಚಿನ್ನದ ಹಾಳೆಯ ಮೇಲೆ ನಮಗೆ ಬೇಕಾದ ಅಣು ಕರಗಿಸಿದ ದ್ರವದ ಒಂದು ತೊಟ್ಟು. ಅದರೊಳಗೆ ಚಿನ್ನದ ಸೂಜಿಯನ್ನು ಇಳಿಸಿ ಹಾಳೆಗೆ ಕುಟ್ಟಬೇಕು, ಆಮೇಲೆ ಮೇಲೆತ್ತಬೇಕು. ಎತ್ತುತ್ತಾ ಹೋದ ಹಾಗೆ ನಡುವಿನ ಚಿನ್ನ ಬೆಲ್ಲದ ಪಾಕ ಎಳೆದಂತೆ ತೆಳ್ಳಗಾಗುತ್ತೆ, ಕೊನೆಗೆ ಒಂದೆಳೆ ಪಾಕ ಬರುತ್ತಲ್ಲ, ಹಾಗೆ ಒಂದೇ ಪರಮಾಣು ದಪ್ಪದ ಎಳೆ ಉಳಿಯುತ್ತೆ. ಆ ಹೊತ್ತಿಗೆ ರೋಧ ಸುಮಾರು 12.9 ಕಿಲೋಓಮ್. ಪ್ರತಿ ಸಲವೂ ಅದೇ ಅಂಕಿ, ಏಕೆಂದರೆ ಅದು ಎಲೆಕ್ಟ್ರಾನಿನ ವಿದ್ಯುದಂಶ ಮತ್ತು ಪ್ಲಾಂಕ್ ಸ್ಥಿರಾಂಕ ಎರಡರಿಂದಲೇ ಬರುವ ಸಂಖ್ಯೆ. ಇನ್ನೂ ಎಳೆದರೆ ಎಳೆ ಪಟ್ ಅಂತ ಕಡಿಯುತ್ತೆ. ಅದೃಷ್ಟ ಇದ್ದರೆ ಆ ಸಂದಿಯಲ್ಲಿ ಒಂದು ಅಣು ಎರಡೂ ಕಡೆ ಕೈಚಾಚಿ ಹಿಡಿದುಕೊಳ್ಳುತ್ತೆ, ಗ್ರಾಫಿನಲ್ಲಿ ಒಂದು ಮೆಟ್ಟಿಲು ಕಾಣುತ್ತೆ. ಅದೃಷ್ಟ ಇಲ್ಲದಿದ್ದರೆ ಏನೂ ಇಲ್ಲ. ಸಾವಿರಾರು ಸಲ ಕುಟ್ಟಿ ಎತ್ತಿ, ಎಲ್ಲ ಮೆಟ್ಟಿಲುಗಳನ್ನೂ ರಾಶಿ ಹಾಕಿದರೆ, ರಾಶಿ ಎಲ್ಲಿ ಎತ್ತರವೋ ಅದೇ ಆ ಅಣುವಿನ ವಾಹಕತೆ, ಅಂದರೆ ರೋಧದ ಉಲ್ಟಾ. ನಮ್ಮ ಲ್ಯಾಬ್ ಪಕ್ಕದಲ್ಲೇ ಲಿಫ್ಟ್ ಇತ್ತು. ಹಗಲು ಯಾರಾದರೂ ಲಿಫ್ಟ್ ಹತ್ತಿದರೆ ನನ್ನ ಗ್ರಾಫ್ ಕುಣಿಯುತ್ತಿತ್ತು, ಆದ್ದರಿಂದ ನಾಲ್ಕು ವರ್ಷದಲ್ಲಿ ಮೂರು ವರ್ಷದ ಕೆಲಸ ರಾತ್ರಿಯೇ ನಡೆಯಿತು.

ಈಗ ನಿಮ್ಮ ಪ್ರಶ್ನೆ. ಗಂಧಕದ ಬದಲು ಎರಡು ಎದುರು ಮೂಲೆಗಳಲ್ಲಿ ಅಮೈನ್ (ನೈಟ್ರೋಜನ್ ಇರುವ ಗುಂಪು) ಇರುವ ಬೆಂಜೀನ್ ತೆಗೆದುಕೊಂಡರೆ ರೋಧ ಹೆಚ್ಚುಕಡಿಮೆ 20 ಲಕ್ಷ ಓಮ್. 0.1 ವೋಲ್ಟ್ ಕೊಟ್ಟರೆ ಸುಮಾರು 50 ನ್ಯಾನೊಆಂಪಿಯರ್ ಹರಿಯುತ್ತೆ. ಕಡಿಮೆ ಅನಿಸುತ್ತೆ ಅಲ್ವಾ? ಆ ಒಂದೇ ಅಣುವಿನ ಮೂಲಕ ಸೆಕೆಂಡಿಗೆ ಸುಮಾರು 30,000 ಕೋಟಿ ಎಲೆಕ್ಟ್ರಾನ್ ದಾಟುತ್ತಿವೆ. ಇನ್ನು ಒಂದು ಮೂಲೆ ಬಿಟ್ಟು ಜೋಡಿಸಿದರೆ, ಅಂದರೆ ಮೆಟಾ ಜಾಗದಲ್ಲಿ, ಕರೆಂಟ್ ಹತ್ತು ಪಟ್ಟು ಅಥವಾ ಅದಕ್ಕಿಂತ ಜಾಸ್ತಿ ಬಿದ್ದುಹೋಗುತ್ತೆ.

ಪಿಯು ಮೇಷ್ಟ್ರು:
ಒಂದು ನಿಮಿಷ. ನನ್ನ ಲೆಕ್ಕದಲ್ಲಿ 1.33 ಆರ್ ಬಂದಿದ್ದು ಮೆಟಾಗೆ. ಎದುರುಬದುರಿಗಿಂತ ಅದರಲ್ಲೇ ಕರೆಂಟ್ ಜಾಸ್ತಿ ಹರಿಯಬೇಕಿತ್ತು. ಇದು ಪೂರಾ ಉಲ್ಟಾ ಆಯಿತಲ್ಲ!

ಚಿನ್ನದ ಸೂಜಿ:
ಹೌದು ಸರ್, ಇಲ್ಲಿ ಓಮ್ ನಿಯಮ ಕೈಕೊಡುತ್ತೆ. ರೆಸಿಸ್ಟರ್ ಒಳಗೆ ಎಲೆಕ್ಟ್ರಾನ್ ಸಾವಿರಾರು ಕಡೆ ಡಿಕ್ಕಿ ಹೊಡೆದು, ತಾನು ಯಾವ ದಾರಿಯಲ್ಲಿ ಬಂದೆ ಅನ್ನುವುದನ್ನೇ ಮರೆತಿರುತ್ತೆ. ಬೆಂಜೀನ್ ಅಷ್ಟು ಸಣ್ಣದರಲ್ಲಿ ಡಿಕ್ಕಿ ಹೊಡೆಯಲು ಜಾಗವೇ ಇಲ್ಲ. ಅದು ಅಲೆಯಾಗಿಯೇ ಈ ತುದಿಯಿಂದ ಆ ತುದಿಗೆ ಹೋಗುತ್ತೆ, ಎರಡೂ ದಾರಿಯಲ್ಲಿ ಒಟ್ಟಿಗೆ.

ಕರೆಂಟ್ ಹೊರುವ ಎಲೆಕ್ಟ್ರಾನಿನ ಅಲೆಯ ಉದ್ದ ಬೆಂಜೀನ್‌ನಲ್ಲಿ ಸುಮಾರು ನಾಲ್ಕು ಬಂಧದಷ್ಟು ಅಂತ ಇಟ್ಟುಕೊಳ್ಳಿ. ಪ್ಯಾರಾದಲ್ಲಿ, ಅಂದರೆ ಎದುರುಬದುರು ಮೂಲೆಯಲ್ಲಿ, ಎರಡು ದಾರಿಯೂ ಮೂರು ಬಂಧ. ಅಲೆಗಳು ಒಟ್ಟಿಗೆ ಬಂದು ಕೂಡುತ್ತವೆ. ಮೆಟಾದಲ್ಲಿ ಒಂದು ದಾರಿ ಎರಡು ಬಂಧ, ಇನ್ನೊಂದು ನಾಲ್ಕು. ವ್ಯತ್ಯಾಸ ಎರಡು ಬಂಧ, ಅಂದರೆ ಅರ್ಧ ಅಲೆ. ಒಂದರ ಏರು ಇನ್ನೊಂದರ ಇಳಿಯ ಮೇಲೆ ಕೂತು ಎರಡೂ ಅಳಿಸಿಹೋಗುತ್ತವೆ. ಆರ್ಥೊದಲ್ಲಿ, ಅಂದರೆ ಪಕ್ಕಪಕ್ಕದ ಮೂಲೆಯಲ್ಲಿ, ಒಂದು ಮತ್ತು ಐದು, ವ್ಯತ್ಯಾಸ ನಾಲ್ಕು, ಪೂರ್ತಿ ಒಂದು ಅಲೆ, ಮತ್ತೆ ಕೂಡುತ್ತವೆ. ಕೆರೆಗೆ ಎರಡು ಕಲ್ಲು ಹಾಕಿ ನೋಡಿ, ಕೆಲವು ಕಡೆ ನೀರು ಅಲುಗಾಡದೆ ನಿಂತಿರುತ್ತಲ್ಲ, ಮೆಟಾ ಮೂಲೆ ಅಂಥ ಜಾಗ.

ಸೋಲ್ಡರ್ ಸೀನ:
ಎರಡೂ ದಾರಿಯಲ್ಲಿ ಹೊರಟ ಎಲೆಕ್ಟ್ರಾನ್ ಕೊನೆಗೆ ಅಳಿಸಿಹೋದರೆ, ಅದು ಹೋಗಿದ್ದೆಲ್ಲಿಗೆ? ನನ್ನ ಮಲ್ಟಿಮೀಟರ್ ಎಲೆಕ್ಟ್ರಾನ್ ನುಂಗುವುದಿಲ್ಲ.

ಚಿನ್ನದ ಸೂಜಿ:
ಒಳ್ಳೇ ಪ್ರಶ್ನೆ. ಎಲ್ಲಿಗೂ ಹೋಗುವುದಿಲ್ಲ. ಬಂದ ದಾರಿಗೆ ಸುಂಕವಿಲ್ಲ ಅಂತ ಬಂದ ಚಿನ್ನಕ್ಕೇ ವಾಪಸ್ಸಾಗುತ್ತೆ. ಕರೆಂಟ್ ಕಡಿಮೆ ಅಂದರೆ ಎಲೆಕ್ಟ್ರಾನ್ ಕಳೆದುಹೋಯಿತು ಅಂತಲ್ಲ, ದಾಟಿದ್ದು ಕಡಿಮೆ, ತಿರುಗಿ ಹೋದದ್ದು ಜಾಸ್ತಿ ಅಂತ.

ಟರ್ಮಿನಲ್ ತಿಮ್ಮ:
ಕಂಪ್ಯೂಟರಿನಲ್ಲಿ ಇದೇ ಲೆಕ್ಕ ಹಾಕುವವನು ನಾನು, ಎರಡು ತಕರಾರು. ಒಂದು, ನಾಲ್ಕು ಬಂಧದ ಅಲೆ ಅನ್ನುವುದು ನೆನಪಿಟ್ಟುಕೊಳ್ಳಲು ಚೆನ್ನಾಗಿದೆ, ಆದರೆ ಉಂಗುರ ಸ್ವಲ್ಪ ಜಟಿಲವಾದರೆ ಸಾಕು, ದಾರಿ ಎಣಿಸುವುದೇ ತಲೆನೋವು. ಎರಡು, ಮೆಟಾದಲ್ಲಿ ಕರೆಂಟ್ ಸೊನ್ನೆ ಅಲ್ಲ. ಅಳಿಸಿಹೋಗುವುದು ಉಂಗುರದ ತುಂಬ ಹರಡಿರುವ ಪೈ ಎಲೆಕ್ಟ್ರಾನುಗಳ ಪಾಲು ಮಾತ್ರ, ಪಕ್ಕಪಕ್ಕದ ಪರಮಾಣುಗಳನ್ನು ನೇರವಾಗಿ ಹಿಡಿದಿರುವ ಸಿಗ್ಮಾ ಬಂಧಗಳ ಮೂಲಕ ಒಂದಷ್ಟು ಸೋರುತ್ತೆ. ಸೊನ್ನೆ ಬರುವುದೂ ಒಂದು ನಿರ್ದಿಷ್ಟ ಶಕ್ತಿಯಲ್ಲಿ ಮಾತ್ರ, ಚಿನ್ನದ ಎಲೆಕ್ಟ್ರಾನ್ ಸರಿಯಾಗಿ ಅಲ್ಲೇ ಬಂದು ನಿಲ್ಲಬೇಕು ಅಂತೇನೂ ಇಲ್ಲ. ಇನ್ನು ನಮ್ಮವರು ಸಾಮಾನ್ಯವಾಗಿ ಬಳಸುವ ಲೆಕ್ಕದ ವಿಧಾನ ವಾಹಕತೆಯನ್ನು ಇರುವುದಕ್ಕಿಂತ ಜಾಸ್ತಿಯೇ ತೋರಿಸುತ್ತೆ, ಅದನ್ನು ನಾವೇ ಒಪ್ಪಿಕೊಳ್ಳೋಣ.

ರಾಧಕ್ಕ ರಸಾಯನ:
ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಮಾಡಿ ರಿಟೈರ್ ಆದವಳು ನಾನು. ನೀವೆಲ್ಲ ಅಲೆ ಗಿಲೆ ಅಂತ ಇಷ್ಟು ಕಷ್ಟಪಡುತ್ತಿದ್ದೀರಿ, ನಮಗೆ ಇದು ಪೆನ್ಸಿಲ್ ಕೆಲಸ. ಬೆಂಜೀನ್‌ನಲ್ಲಿ ಒಂದು ಗುಂಪು ಇದ್ದರೆ ಹೊಸದು ಆರ್ಥೊ, ಪ್ಯಾರಾಕ್ಕೆ ಹೋಗುತ್ತೆ, ಇನ್ನು ಕೆಲವು ಗುಂಪು ಇದ್ದರೆ ಮೆಟಾಕ್ಕೆ ಹೋಗುತ್ತೆ ಅಂತ ಪ್ರತಿ ವರ್ಷ ಬಾಯಿಪಾಠ ಮಾಡಿಸಿದ್ದೇವಲ್ಲ, ಅದೂ ಈ ಎಲೆಕ್ಟ್ರಾನುಗಳ ಆಟವೇ. ಒಂದು ಮೂಲೆಯ ಮಾತು ಆರ್ಥೊಗೂ ಪ್ಯಾರಾಕ್ಕೂ ಮುಟ್ಟುತ್ತೆ, ಮೆಟಾಗೆ ಕೇಳಿಸುವುದಿಲ್ಲ.

ಸುಲಭದ ದಾರಿ ಹೇಳುತ್ತೇನೆ. ಅಣುವಿನ ಚಿತ್ರ ಬರೆದು, ಒಂದು ಬಿಟ್ಟು ಒಂದು ಕಾರ್ಬನ್‌ಗೆ ನಕ್ಷತ್ರ ಹಾಕುತ್ತಾ ಹೋಗಿ. ಪಕ್ಕಪಕ್ಕದ ಎರಡಕ್ಕೂ ನಕ್ಷತ್ರ ಬೀಳಬಾರದು, ಎರಡೂ ಖಾಲಿಯೂ ಇರಬಾರದು. ಈಗ ವೈರ್ ಸಿಕ್ಕಿಸುವ ಎರಡು ಕಾರ್ಬನ್ ನೋಡಿ. ಒಂದಕ್ಕೆ ನಕ್ಷತ್ರ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ಕರೆಂಟ್ ಚೆನ್ನಾಗಿ ಹೋಗುತ್ತೆ. ಎರಡಕ್ಕೂ ಇದ್ದರೆ ಅಥವಾ ಎರಡಕ್ಕೂ ಇಲ್ಲದಿದ್ದರೆ ಮಂಗಳಾರತಿ.

ಎರಡನೇ ಬೆಂಚು:
ಸಾರ್, ನಾನೇ ಆ ಹುಡುಗ. ಮೇಷ್ಟ್ರು ಕ್ಲಾಸಿನಲ್ಲಿ ಲಿಂಕ್ ಕೊಟ್ಟರು. ಮೇಡಂ ಹೇಳಿದ ನಕ್ಷತ್ರ ಹಾಕಿ ನೋಡಿದೆ. ಬೆಂಜೀನ್ ಸರಿ ಬಂತು. ಆಮೇಲೆ ಎರಡು ಬೆಂಜೀನ್ ಉಂಗುರ ಅಂಟಿಕೊಂಡ ನ್ಯಾಫ್ತಲೀನ್ ಬರೆದೆ, ಅಮ್ಮ ಬೀರುವಿನಲ್ಲಿ ಬಟ್ಟೆ ನಡುವೆ ಇಡುವ ಗುಳಿಗೆ ಅದೇ ಅಲ್ವಾ. ಪುಸ್ತಕದಲ್ಲಿ ಕಾರ್ಬನ್ನುಗಳಿಗೆ ಕೊಡುವ ಸಂಖ್ಯೆಯ ಪ್ರಕಾರ 1 ಮತ್ತು 4ಕ್ಕೆ ಸಿಕ್ಕಿಸಿದರೆ ಹೋಗುತ್ತೆ. 2 ಮತ್ತು 6ಕ್ಕೆ ಸಿಕ್ಕಿಸಿದರೂ ಹೋಗುತ್ತೆ. 2 ಮತ್ತು 7ಕ್ಕೆ ಸಿಕ್ಕಿಸಿದರೆ ಹೋಗಲ್ಲ. ಸರೀನಾ?

ರಾಧಕ್ಕ ರಸಾಯನ:
ನೂರಕ್ಕೆ ನೂರು. 2, 6 ಮತ್ತು 2, 7 ಎರಡೂ ನೋಡಲು ಹೆಚ್ಚುಕಡಿಮೆ ಅಷ್ಟೇ ದೂರ, ಆದರೂ ಒಂದರಲ್ಲಿ ದಾರಿ ತೆರೆದಿದೆ, ಇನ್ನೊಂದರಲ್ಲಿ ಮುಚ್ಚಿದೆ. ಅದನ್ನು ಗಮನಿಸಿದೆಯಲ್ಲ, ಭೇಷ್ ಮಗಾ.

ಸೋಲ್ಡರ್ ಸೀನ:
ಎಲ್ಲ ಚೆಂದ. ನನ್ನದು ಎರಡು ಪ್ರಶ್ನೆ. ಒಂದು ಉಂಗುರ ಆಯಿತು, ವೈರ್ ಅಂದಮೇಲೆ ಉದ್ದ ಬೇಡವಾ? ಇನ್ನೊಂದು, ಅಣುವಿನಲ್ಲೇ ಟ್ರಾನ್ಸಿಸ್ಟರ್ ಮಾಡಿಬಿಟ್ಟೆ ಅಂತ ಬೆಲ್ ಲ್ಯಾಬ್ಸ್‌ನ ಶೋನ್ ಅನ್ನುವವನು ಲೋಕಕ್ಕೆಲ್ಲ ಟೋಪಿ ಹಾಕಿದ್ದನಲ್ಲ. 2002ರಲ್ಲಿ ತನಿಖೆ ಮಾಡಿದಾಗ ಬೇರೆ ಬೇರೆ ಪ್ರಯೋಗ ಅಂತ ಕೊಟ್ಟ ಗ್ರಾಫುಗಳಲ್ಲಿ ಒಂದೇ ಗೆರೆ ಸಿಕ್ಕಿತು. ಅಂದಿನಿಂದ ಈ ವಿಷಯ ಅಂದರೆ ನನಗೆ ಒಂದು ಕಣ್ಣು ಕಿರಿದು.

ಚಿನ್ನದ ಸೂಜಿ:
ಶೋನ್ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವೇ. ಆದರೆ ಅವನ ಗ್ರಾಫ್ ಬೇರೆಯವರಿಗೆ ಬರಲೇ ಇಲ್ಲ, ನಾನು ಹೇಳಿದ ಚಿನ್ನದ ಮೆಟ್ಟಿಲು ಯಾವ ದೇಶದಲ್ಲಿ ಕುಟ್ಟಿದರೂ ಬರುತ್ತೆ. ಸಾವಿರಾರು ಸಲ ಕುಟ್ಟಿ ರಾಶಿ ಹಾಕುವ ಪದ್ಧತಿಯನ್ನು ನಾನು ನಂಬುವುದು ಅದಕ್ಕೇ. ಒಂದೇ ಒಂದು ಚೆಂದದ ಗ್ರಾಫ್ ತೋರಿಸುವವರನ್ನು ನಾನೂ ನಂಬುವುದಿಲ್ಲ.

ಉದ್ದದ ಮಾತು. ಮೇಷ್ಟ್ರ ತಂತಿಯಲ್ಲಿ ಉದ್ದ ಎರಡು ಪಟ್ಟಾದರೆ ರೋಧವೂ ಎರಡು ಪಟ್ಟು. ಅಣುವಿನಲ್ಲಿ ಹಾಗಲ್ಲ, ಬಡ್ಡಿಗೆ ಬಡ್ಡಿ ಬೆಳೆದ ಹಾಗೆ ಬೆಳೆಯುತ್ತೆ. ಮೇಣದಲ್ಲಿ ಇರುತ್ತಲ್ಲ, ಬರೀ ಒಂಟಿ ಬಂಧದ ಕಾರ್ಬನ್ ಸರಪಳಿ, ಅದಕ್ಕೆ ಒಂದು ಕಾರ್ಬನ್ ಸೇರಿಸಿದರೆ ಕರೆಂಟ್ ಎರಡೂವರೆಯಿಂದ ಮೂರು ಪಟ್ಟು ಇಳಿಯುತ್ತೆ. ಒಂದು ನ್ಯಾನೊಮೀಟರ್ ಉದ್ದ ಹೆಚ್ಚಿಸಿದರೆ ಸುಮಾರು 3,000 ಪಟ್ಟು. ಅದನ್ನು ವೈರ್ ಅನ್ನುವುದಕ್ಕಿಂತ ಇನ್ಸುಲೇಶನ್ ಅನ್ನುವುದೇ ವಾಸಿ. ಒಂದು ಬಿಟ್ಟು ಒಂದು ಜೋಡಿಬಂಧ ಇರುವ ಸರಪಳಿಯಲ್ಲಿ ಈ ಇಳಿತ ಎಷ್ಟೋ ಕಡಿಮೆ. ಎಲ್ಲಕ್ಕಿಂತ ಚೆಂದ ಪಾರ್ಫಿರಿನ್ ಉಂಗುರಗಳ ಸಾಲು. ನಮ್ಮ ರಕ್ತದ ಹೀಮ್‌ನಲ್ಲಿ ಇರುವ ಜಾತಿಯ ಉಂಗುರ ಅದು. 2011ರಲ್ಲಿ ಇಂಗ್ಲೆಂಡಿನಲ್ಲಿ ಅಳೆದಾಗ ಒಂದು ನ್ಯಾನೊಮೀಟರ್‌ಗೆ ಒಂದೂವರೆ ಪಟ್ಟು ಮಾತ್ರ ಇಳಿತ ಕಂಡಿತು. 3,000 ಎಲ್ಲಿ, ಒಂದೂವರೆ ಎಲ್ಲಿ!

ತುಂಬ ಉದ್ದ ಆದಾಗ ಆಟವೇ ಬದಲಾಗುತ್ತೆ. 2008ರಲ್ಲಿ ಮಿನೆಸೊಟಾದ ಫ್ರಿಸ್ಬಿ ತಂಡ ಒಂದೊಂದೇ ಕೊಂಡಿ ಸೇರಿಸುತ್ತಾ ಅಣುವನ್ನು ಬೆಳೆಸಿ ಅಳೆದರು. ಸುಮಾರು 4 ನ್ಯಾನೊಮೀಟರ್‌ವರೆಗೆ ಎಲೆಕ್ಟ್ರಾನ್ ಒಂದೇ ನೆಗೆತಕ್ಕೆ ಆಚೆ ದಾಟುತ್ತೆ, ನಡುವೆ ಎಲ್ಲೂ ಕಾಲೂರುವುದಿಲ್ಲ. ಅದರ ಮೇಲೆ ಹೊಳೆಯಲ್ಲಿ ಕಲ್ಲಿಂದ ಕಲ್ಲಿಗೆ ಹಾರಿದ ಹಾಗೆ ನಿಂತು ನಿಂತು ಹೋಗುತ್ತೆ. ಕಾಯಿಸಿದರೆ ಕರೆಂಟ್ ಜಾಸ್ತಿ ಆಗುತ್ತೆ, ಹಾರಲು ಶಕ್ತಿ ಸಿಗುತ್ತಲ್ಲ. ಒಂದೇ ನೆಗೆತದ ಅಣುವಿಗೆ ಬಿಸಿ ತಣ್ಣಗೆ ಎರಡೂ ಒಂದೇ.

ಪಿಯು ಮೇಷ್ಟ್ರು:
ಸಮಾಂತರದ ಲೆಕ್ಕವನ್ನು ಇನ್ನೂ ಬಿಡಲು ಮನಸ್ಸಿಲ್ಲ. ಉಂಗುರ ಬೇಡ, ಒಂದೇ ಥರದ ಎರಡು ಅಣು ಪಕ್ಕಪಕ್ಕ ಇಟ್ಟು, ತುದಿಗಳನ್ನು ಸೇರಿಸಿದರೆ? ಕರೆಂಟ್ ಎರಡು ಪಟ್ಟು ಆಗಲೇಬೇಕಲ್ಲ?

ಚಿನ್ನದ ಸೂಜಿ:
ಇದನ್ನೂ ಮಾಡಿ ನೋಡಿದ್ದಾರೆ ಸರ್. ಕೊಲಂಬಿಯಾ ವಿಶ್ವವಿದ್ಯಾಲಯದ ಲತಾ ವೆಂಕಟರಾಮನ್ ಅವರ ತಂಡ, 2012. ಒಂದೇ ಅಣುವಿನೊಳಗೆ ಎರಡು ಒಂದೇ ಥರದ ದಾರಿ ಇಟ್ಟು, ಒಂದೇ ದಾರಿ ಇರುವ ಅಣುವಿನ ಜೊತೆ ಹೋಲಿಸಿದರು. ಎರಡು ಅಲೆ ಸರಿಯಾಗಿ ಕೂಡಿದರೆ ಎತ್ತರ ಎರಡು ಪಟ್ಟು, ಕರೆಂಟ್ ಎತ್ತರದ ವರ್ಗ, ಹಾಗಾಗಿ ಬಾಯಿಲೆಕ್ಕದಲ್ಲಿ ನಾಲ್ಕು ಪಟ್ಟು ಬರಬೇಕು. ನಿಜವಾಗಿ ನಾಲ್ಕು ಬರಲಿಲ್ಲ, ಆದರೆ ಎರಡನ್ನು ಮೀರಿತು. ಒಂದು ಕೂಡಿಸು ಒಂದು ಎರಡಕ್ಕಿಂತ ಜಾಸ್ತಿ ಅಂತ ಕ್ಲಾಸಿನಲ್ಲಿ ಹೇಳಿ, ಹೆಡ್‌ಮಾಸ್ಟರ್ ಕರೆಸಿದರೆ ನನ್ನ ಹೆಸರು ಹೇಳಬೇಡಿ.

ರಾಧಕ್ಕ ರಸಾಯನ:
ಇನ್ನೊಂದು ತಪ್ಪು ತಿಳಿವಳಿಕೆ ಇದೆ, ನಾನೇ ಎಷ್ಟೋ ವರ್ಷ ಹೇಳಿಕೊಟ್ಟಿದ್ದೇನೆ, ಕ್ಷಮೆ ಇರಲಿ. ಆರೊಮ್ಯಾಟಿಕ್ ಉಂಗುರದಲ್ಲಿ, ಅಂದರೆ ಬೆಂಜೀನಿನಂಥ ಬಹಳ ಸ್ಥಿರವಾದ ಉಂಗುರದಲ್ಲಿ, ಎಲೆಕ್ಟ್ರಾನ್ ಆರಾಮಾಗಿ ಸುತ್ತುತ್ತವೆ, ಹಾಗಾಗಿ ಕರೆಂಟ್‌ಗೆ ಅದೇ ಒಳ್ಳೆಯದು ಅಂತ. ಉಲ್ಟಾ. ಆರೊಮ್ಯಾಟಿಕ್ ಅಂದರೆ ಉಂಡು ತೇಗಿ ಜಗಲಿಯಲ್ಲಿ ಕೂತವರ ಹಾಗೆ, ಹೊಸ ಎಲೆಕ್ಟ್ರಾನ್ ಬಂದರೆ ಜಾಗ ಕೊಡಲೂ ಬೇಜಾರು, ಇರುವುದನ್ನು ಬಿಟ್ಟುಕೊಡಲೂ ಬೇಜಾರು. ಇದಕ್ಕೆ ತದ್ವಿರುದ್ಧವಾದ, ಸ್ಥಿರತೆ ಇಲ್ಲದ ಉಂಗುರಗಳಿಗೆ ಆಂಟಿಆರೊಮ್ಯಾಟಿಕ್ ಅನ್ನುವ ಹೆಸರು ಬಳಕೆಗೆ ತಂದ ರೊನಾಲ್ಡ್ ಬ್ರೆಸ್ಲೋ ಅವರೇ ಇದರ ಹಿಂದೆ ಬಿದ್ದರು. 2014ರಲ್ಲಿ ಐದು ಮೂಲೆಯ ಮೂರು ಉಂಗುರ ಹೋಲಿಸಿದರು, ಥಯೊಫೀನ್, ಫ್ಯುರಾನ್, ಸೈಕ್ಲೊಪೆಂಟಡೈಯೀನ್. ಆರೊಮ್ಯಾಟಿಕ್ ಗುಣ ಕಡಿಮೆ ಆದ ಹಾಗೆ ವಾಹಕತೆ ಏರಿತು. ಥಯೊಫೀನ್ ಕೊನೆ.

2017ರಲ್ಲಿ ಜಪಾನಿನವರು ಇನ್ನೂ ಮುಂದೆ ಹೋದರು. ನಾರ್‌ಕೊರೋಲ್ ಅಂತ ಒಂದು ಉಂಗುರ, ಪಾರ್ಫಿರಿನ್‌ನ ಬಂಧು, ಆದರೆ ಆಂಟಿಆರೊಮ್ಯಾಟಿಕ್. ಇಂಥವು ಸಾಮಾನ್ಯವಾಗಿ ಬಾಟಲಿಯಲ್ಲೇ ಉಳಿಯುವುದಿಲ್ಲ. ನಡುವೆ ನಿಕ್ಕಲ್ ಕೂರಿಸಿ, ಹೊರಗೆ ದೊಡ್ಡ ಗುಂಪುಗಳ ಬೇಲಿ ಹಾಕಿದ್ದರಿಂದ ಇದು ಉಳಿಯಿತು. ಅದೇ ಥರದ ಆರೊಮ್ಯಾಟಿಕ್ ಅಣುವಿಗಿಂತ ಹತ್ತು ಪಟ್ಟಿಗೂ ಮೀರಿ ಕರೆಂಟ್ ಹರಿಸಿತು.

ಎರಡನೇ ಬೆಂಚು:
ಮೇಡಂ, ಉಂಗುರದಲ್ಲಿ ವೈರ್ ಇಲ್ಲದೆ ಕರೆಂಟ್ ಸುತ್ತಿಸಬಹುದಾ, ಆಯಸ್ಕಾಂತ ಇಟ್ಟು?

ಟರ್ಮಿನಲ್ ತಿಮ್ಮ:
ಸುತ್ತುತ್ತೆ. ಕಾಲೇಜಿನಲ್ಲಿ ಎನ್‌ಎಂಆರ್ (ಆಯಸ್ಕಾಂತದಲ್ಲಿಟ್ಟು ಅಣುವಿನ ರಚನೆ ತಿಳಿಯುವ ವಿಧಾನ) ಕಲಿಯುವಾಗ ಬೆಂಜೀನ್ ಹೈಡ್ರೋಜನ್ ಯಾಕೆ ಬೇರೆ ಜಾಗದಲ್ಲಿ ಕಾಣುತ್ತೆ ಅಂತ ಕೇಳುತ್ತಾರೆ, ಉತ್ತರ ಈ ಸುತ್ತುವ ಕರೆಂಟೇ. ಆಕ್ಸ್‌ಫರ್ಡ್‌ನ ಹ್ಯಾರಿ ಆಂಡರ್ಸನ್ ತಂಡ ಆರು ಪಾರ್ಫಿರಿನ್‌ಗಳನ್ನು ಬಳೆಯ ಹಾಗೆ ಜೋಡಿಸಿ ಅದರಲ್ಲೂ ಇದನ್ನು ನೋಡಿದರು. ಎಲೆಕ್ಟ್ರಾನ್ ಕಿತ್ತು ಬಳೆಯ ಪೈ ಎಲೆಕ್ಟ್ರಾನುಗಳನ್ನು 80ಕ್ಕೆ ತಂದಾಗ ಬಳೆ ಆಂಟಿಆರೊಮ್ಯಾಟಿಕ್, ಇನ್ನೆರಡು ಕಿತ್ತು 78 ಮಾಡಿದರೆ ಆರೊಮ್ಯಾಟಿಕ್, ಕರೆಂಟ್ ಸುತ್ತುವ ದಿಕ್ಕೇ ತಿರುಗಿತು. ಆದರೆ ಆಯಸ್ಕಾಂತದಿಂದ ಬೆಂಜೀನ್‌ನ ಎರಡು ದಾರಿಯ ಅಲೆಗಳನ್ನು ಹಿಂದುಮುಂದು ಮಾಡಿ ಸ್ವಿಚ್ ಹಾಕುತ್ತೇನೆ ಅಂದರೆ ಆಗಲ್ಲ ತಮ್ಮ. ಉಂಗುರ ಅಷ್ಟು ಚಿಕ್ಕದು. ಎರಡು ದಾರಿಯ ನಡುವೆ ಒಂದು ಪೂರ್ತಿ ಅಲೆಯಷ್ಟು ವ್ಯತ್ಯಾಸ ತರಲು ಸುಮಾರು 80,000 ಟೆಸ್ಲಾ ಬೇಕು. ಆಸ್ಪತ್ರೆಯ ಎಂಆರ್‌ಐ ಒಂದೂವರೆ ಇಲ್ಲ ಮೂರು.

ಸೋಲ್ಡರ್ ಸೀನ:
ನನ್ನ ಅಂಗಡಿಗೆ ಇದರಿಂದ ಏನಾದರೂ ಬರುತ್ತಾ ಅಂತ ಕೇಳಿದರೆ ಬೈಯಬೇಡಿ.

ಚಿನ್ನದ ಸೂಜಿ:
ಒಂಟಿ ಅಣುವಿನ ಚಿಪ್ ನಿಮ್ಮ ಅಂಗಡಿಗೆ ಬರುತ್ತೆ ಅಂತ ನಾನು ಹೇಳಲ್ಲ. ಏವಿರಾಮ್ ಮತ್ತು ರ‍್ಯಾಟ್ನರ್ ಅಣುವಿನ ಡಯೋಡ್ ಮಾಡಬಹುದು ಅಂತ ಕಾಗದದ ಮೇಲೆ ತೋರಿಸಿದ್ದು 1974ರಲ್ಲಿ, ಇನ್ನೂ ಅಂಗಡಿಗೆ ಬಂದಿಲ್ಲ ನೋಡಿ. ಅಣುಗಳ ತೆಳು ಪದರ ಬೇರೆ ಕಥೆ. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲೇ ಶ್ರೀತೋಷ್ ಗೋಸ್ವಾಮಿ ತಂಡ ರುಥೇನಿಯಂ ಇರುವ ಅಣುಗಳ ಪದರದಲ್ಲಿ ಸೊನ್ನೆ, ಒಂದು ಅಂತ ಎರಡೇ ಅಲ್ಲ, ಸುಮಾರು 16,500 ವಾಹಕತೆಯ ಮಟ್ಟ ಇಡಬಹುದು ಅಂತ 2024ರಲ್ಲಿ ತೋರಿಸಿದರು. ಅಲ್ಲಿ ಒಂದು ಅಣು ಅಲ್ಲ, ಕೋಟ್ಯಂತರ ಅಣು ಒಟ್ಟಿಗೆ ಕೆಲಸ ಮಾಡುತ್ತವೆ.

ಎರಡನೇ ಬೆಂಚು:
ಒಂದು ಕಡೆ ಸಿಕ್ಕಿಹಾಕಿಕೊಂಡೆ. ಅಜುಲೀನ್ ಅಂತ ಒಂದು ಸಿಕ್ಕಿತು. ನ್ಯಾಫ್ತಲೀನ್‌ನಷ್ಟೇ ಕಾರ್ಬನ್, ಅಷ್ಟೇ ಹೈಡ್ರೋಜನ್, ಆದರೆ ಐದರ ಉಂಗುರ ಒಂದು, ಏಳರ ಉಂಗುರ ಒಂದು. ಬಣ್ಣ ನೀಲಿಯಂತೆ. ಸುತ್ತ ಹತ್ತು ಕಾರ್ಬನ್‌ಗೆ ನಕ್ಷತ್ರ ಸರಿಯಾಗಿ ಬರುತ್ತೆ, ಆದರೆ ನಡುವಿನ ಬಂಧ ಹಾಕಿದರೆ ಅದರ ಎರಡೂ ತುದಿ ಒಂದೇ ಥರ ಆಗುತ್ತೆ. ನಾಲ್ಕು ಸಲ ಬರೆದೆ.

ರಾಧಕ್ಕ ರಸಾಯನ:
ನೀನು ತಪ್ಪು ಮಾಡಿಲ್ಲ ಮಗಾ. ನಾಲ್ಕು ನೂರು ಸಲ ಬರೆದರೂ ಹಾಗೇ ಬರುತ್ತೆ. ಬೆಸ ಸಂಖ್ಯೆಯ ಉಂಗುರ ಇದ್ದರೆ ನಕ್ಷತ್ರದ ಆಟ ನಡೆಯಲ್ಲ. 2014ರಲ್ಲಿ ಇದನ್ನೂ ಅಳೆದರು. ದಾರಿಯ ಬಂಧ ಎಣಿಸುವ ನಿಯಮದ ಪ್ರಕಾರ ಕರೆಂಟ್ ಹೋಗಬಾರದು ಅನ್ನುವ ಜಾಗದಲ್ಲಿ ಚೆನ್ನಾಗಿ ಹೋಯಿತು.

ಟರ್ಮಿನಲ್ ತಿಮ್ಮ:
ನಕ್ಷತ್ರ ಬಿಡು, ಎಕ್ಸೆಲ್ ತೆಗಿ. ಆರು ಅಡ್ಡ ಆರರ ಮ್ಯಾಟ್ರಿಕ್ಸ್ ಮಾಡು. ಯಾವ ಎರಡು ಕಾರ್ಬನ್ ನಡುವೆ ಬಂಧ ಇದೆಯೋ ಅಲ್ಲಿ 1, ಉಳಿದ ಕಡೆ 0. ಅದರ ವಿಲೋಮ (ಇನ್ವರ್ಸ್) ತೆಗೆ. ವೈರ್ ಸಿಕ್ಕಿಸುವ ಎರಡು ಕಾರ್ಬನ್‌ನ ಸಾಲು, ಕಂಬ ಸೇರುವ ಮನೆಯಲ್ಲಿ ಏನಿದೆ ನೋಡು. ಸೊನ್ನೆ ಇದ್ದರೆ ದಾರಿ ಮುಚ್ಚಿದೆ. ಇಷ್ಟು ಒರಟು ಲೆಕ್ಕಕ್ಕೆ ಇದು ಸಾಕು. ಅಜುಲೀನ್‌ಗೆ ಹತ್ತು ಅಡ್ಡ ಹತ್ತು.

ಎರಡನೇ ಬೆಂಚು:
ಬಂತು! ಬೆಂಜೀನ್: ಆರ್ಥೊ 0.5, ಮೆಟಾ 0, ಪ್ಯಾರಾ ಮೈನಸ್ 0.5. ಅಜುಲೀನ್‌ನಲ್ಲಿ ಐದರ ಉಂಗುರದ 1 ಮತ್ತು 3 ನೋಡಿದೆ. ನಡುವೆ ಒಂದೇ ಕಾರ್ಬನ್, ಮೆಟಾ ಥರಾನೇ, ಸೊನ್ನೆ ಬರುತ್ತೆ ಅಂದುಕೊಂಡಿದ್ದೆ. ಮೈನಸ್ 0.5 ಬಂತು.

ಪಿಯು ಮೇಷ್ಟ್ರು:
ಅವತ್ತು ಕೂತ್ಕೋ ಅಂದಿದ್ದೆ. ನಾಳೆ ಮೂರನೇ ಪೀರಿಯಡ್ ಬೋರ್ಡ್ ಹತ್ತಿರ ನೀನೇ ಬಾ, ಆರರ ಮ್ಯಾಟ್ರಿಕ್ಸ್ ಬರಿ. ನಾನು ಎರಡನೇ ಬೆಂಚಿನಲ್ಲಿ ಕೂರುತ್ತೇನೆ.